ಮೇದಾರ ಓಣಿಯಿಂದ ಅರಬೈಲ್ ಘಟ್ಟಕ್ಕೆ

ಧಾರವಾಡದಿಂದ ಚಿಗರಿ ಬಸ್ ಹತ್ತಿ ನಾನೂ ಗೆಳೆಯನೂ ಹುಬ್ಬಳ್ಳಿಗೆ ಬಂದೆವು. ಒಗ್ಗರಣಿ-ಮಿರ್ಚಿ ತಿಂದು ಸೀದಾ ಮೇದಾರ ಓಣಿಗೆ. ಇಲ್ಲಿ ಕಣ್ಣಿಗೆ ಬೀಳುವುದೆಲ್ಲ ಬಿದಿರು: ಮೊರ, ಬುಟ್ಟಿ, ತಟ್ಟಿ, ಏಣಿ. 12ನೇ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕವೂ ಬುಟ್ಟಿ ಹೆಣೆಯುವುದೇ ಆಗಿತ್ತು. ನಮಗೆ ಬೇಕಿದ್ದುದು ಮಾತ್ರ ಬೆತ್ತ.

ಒಂದು ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು ಹಳೇ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ಪಕ್ಕದ ಬಕೆಟ್ಟಿನಲ್ಲಿ ಬೆತ್ತದ ಸಿಪ್ಪೆಯ ಪಟ್ಟಿಗಳು ನೆನೆಯುತ್ತಿದ್ದವು. ಒಂದನ್ನು ಎಳೆದು, ಹೊಳೆಯುವ ಮೈ ಮೇಲೆ ಬರುವಂತೆ ತಿರುವಿ, ಚೌಕಟ್ಟಿನ ತೂತಿನಲ್ಲಿ ತೂರಿಸಿ, ಜಾರದಂತೆ ಕಟ್ಟಿಗೆಯ ಚಿಕ್ಕ ಬೆಣೆ ಜಡಿದರು. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ. ಆಗಲೇ ಆ ಎಂಟು ಮೂಲೆಯ ಕಣ್ಣುಗಳು ಮೂಡುವುದು.

“ಒಣಾದು ಎಳದ್ರ ಮುರೀತೈತ್ರಿ. ತೊಯ್ಸಿ ಹೆಣದ್ರ, ಆರಿದ ಮ್ಯಾಲೆ ತಾನ ಬಿಗೀತೈತಿ.”

“ಬೆತ್ತ ಎಲ್ಲಿಂದ ಬರ್ತೈತ್ರೀ ಅಜ್ಜಾರ?”

“ಈಗ ಅಸ್ಸಾಂ ಮಾಲು. ಮೊದಲ ಯಲ್ಲಾಪುರ ಕಡಿಂದ ಬರ್ತಿತ್ತು.”

ಅಷ್ಟು ಸಾಕಾಯ್ತು ನಮಗೆ. ಅಂಕೋಲಾ ಬಸ್ ಹತ್ತಿದೆವು.

ಯಲ್ಲಾಪುರ ಸುಮಾರು 70 ಕಿಲೋಮೀಟರ್. ಕಲಘಟಗಿ ದಾಟುತ್ತಲೇ ಎರೆಮಣ್ಣು ಹಿಂದೆ ಉಳಿಯಿತು, ಸಾಗವಾನಿ ಶುರುವಾಯಿತು. ಕಲಘಟಗಿಯ ಬಣ್ಣದ ತೊಟ್ಟಿಲು ನೋಡಲು ಇಳಿಯೋಣ ಅಂತ ಗೆಳೆಯ, ನಾನು ಬಿಡಲಿಲ್ಲ.

ಅರಬೈಲ್ ಘಟ್ಟದಲ್ಲಿ, ಹಳ್ಳದ ಪಕ್ಕದ ಒಂದು ಅಡಿಕೆ ತೋಟದ ಅಂಚಿಗೇ ಬೆತ್ತ ಸಿಕ್ಕಿತು. ತೆಂಗು, ಅಡಿಕೆಯ ಕುಲದ್ದೇ ಇದು, ಆದರೆ ನೆಟ್ಟಗೆ ನಿಲ್ಲುವ ತ್ರಾಣವಿಲ್ಲ. ಹಿಂದಕ್ಕೆ ಬಾಗಿದ ಮುಳ್ಳುಗಳ ಉದ್ದನೆ ಚಾವಟಿ ಚಾಚಿ ಪಕ್ಕದ ಮರವನ್ನು ಹಿಡಿದು ಮೇಲೇರುತ್ತದೆ. ಗೆಳೆಯನ ಅಂಗಿಯ ತೋಳು ಅದಕ್ಕೆ ಸಿಕ್ಕಿತು. ಮುಂದೆ ಎಳೆದಷ್ಟೂ ಜಾಸ್ತಿ ಕಚ್ಚುತ್ತದೆ, ಹಿಂದೆ ಸರಿದರಷ್ಟೇ ಬಿಡುತ್ತದೆ. ಕಾಂಡದ ಮೇಲ್ಭಾಗಕ್ಕೆಲ್ಲ ಮುಳ್ಳಿನ ಹೊದಿಕೆ. ಕೆಳಗೆ, ಹಳೆಯ ಹೊದಿಕೆ ಕಳಚಿ ಬಿದ್ದ ಕಡೆ, ಕುರ್ಚಿಯಲ್ಲಿ ಕಾಣುವ ಅದೇ ನುಣುಪು. ಬಿದಿರಿನ ಹಾಗೆ ಪೊಳ್ಳಲ್ಲ, ಒಳಗೆಲ್ಲ ಗಟ್ಟಿ. ಸಿಪ್ಪೆ ಸುಲಿದು ಉಳಿದ ತಿರುಳಿನಲ್ಲೂ ಬುಟ್ಟಿ ಹೆಣೆಯುತ್ತಾರೆ. ದಪ್ಪ ಬೆತ್ತವನ್ನು ಬೆಂಕಿಗೆ ಹಿಡಿದು ಬಗ್ಗಿಸಿದರೆ ಕುರ್ಚಿಯ ಕೈ, ಕಾಲು.

“ಬೇಲಿಗೆ ಅಂತ ಬಿಟ್ಟಿದ್ದು. ದನ ನುಗ್ಗೋದಿಲ್ಲ ನೋಡಿ” ಎಂದರು ತೋಟದವರು. ಹಾವಿನ ಮೈಯಂತೆ ಪೊರೆಪೊರೆಯಾದ ಹಣ್ಣಿನ ಗೊಂಚಲನ್ನೂ ತೋರಿಸಿದರು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಕೆಲವು ಜಾತಿಯ ಬೆತ್ತಕ್ಕೆ ಒಂದೇ ಕಾಂಡ, ಕಡಿದರೆ ಗಿಡದ ಕಥೆ ಮುಗೀತು.

ಬೆತ್ತದ ಕೆಲಸ ಕೆಟ್ಟಿದ್ದೇ ಪ್ಲಾಸ್ಟಿಕ್ ವಯರಿನಿಂದ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಅರ್ಧ ಸತ್ಯ. ಮೇ ತಿಂಗಳಲ್ಲಿ ವಯರಿನ ಕುರ್ಚಿಯ ಮೇಲೆ ಕೂತು ಬೆವೆತವರು ಯಾರೂ ಅದನ್ನು ಹೊಗಳುವುದಿಲ್ಲ, ಅಲ್ವಾ? ಕೆಲಸಗಾರನಿಗೆ ಹತ್ತಿರದ ಮಾಲು ಸಿಗದಿರುವುದೇ ದೊಡ್ಡ ತೊಡಕು. 2006ರ ಅರಣ್ಯ ಹಕ್ಕು ಕಾಯ್ದೆ ಬೆತ್ತವನ್ನು ಕಿರು ಅರಣ್ಯ ಉತ್ಪನ್ನ ಎಂದು ಹೆಸರಿಸಿ, ಕಾಡಿನಲ್ಲಿ ಬದುಕುವವರಿಗೆ ಅದರ ಹಕ್ಕು ಕೊಟ್ಟಿದೆ. ಊರಲ್ಲಿ ಕೂತು ಹೆಣೆಯುವವರು ಅದರಲ್ಲಿ ಬರುವುದಿಲ್ಲ.

ತೋಟದವರಿಗೆ ಅಜ್ಜನ ಸುದ್ದಿ ಹೇಳಿದೆ. “ನಾಲ್ಕು ಬೆತ್ತ ನಾನೇ ಕೊಟ್ಟೇನು. ಘಟ್ಟ ಹತ್ತಿಸೋ ಕಾಗದಪತ್ರ ಯಾರು ಮಾಡ್ತಾರೆ?” ಎಂದು ನಕ್ಕು, ಚಹಾಕ್ಕೆ ಕರೆದರು.