ಕಿವಿಯಲ್ಲಿ ಕ್ಲಿಕ್, ಕೈಯಲ್ಲಿ ಬ್ಯಾಟನ್
ಸಿನಿಮಾ ಸಂಗೀತ ನುಡಿಸುವ ಆರ್ಕೆಸ್ಟ್ರಾವನ್ನು ನಡೆಸಲು ಕಲಿಯುತ್ತಿದ್ದೇನೆ. ನೋಡುವವರಿಗೆ ಸುಮ್ನೆ ಕೈ ಬೀಸಿದ ಹಾಗೆ ಕಾಣುತ್ತದೆ, ಅಲ್ವಾ? ಅಸಲಿ ಕೆಲಸ ಮೊದಲ ಬೀಟ್‌ಗಿಂತ ಮುಂಚೆಯೇ ಇದೆ. ಬ್ಯಾಟನ್, ಅಂದರೆ ಕೈಯಲ್ಲಿರುವ ಸಣ್ಣ ಕೋಲು, ಮೇಲೆತ್ತುವ ಆ ಒಂದು ಚಲನೆಯಲ್ಲೇ ವೇಗ, ಜೋರು ಎಲ್ಲ ಹೇಳಿಬಿಡಬೇಕು. ಕೊಳಲು, ಟ್ರಂಪೆಟ್‌ನವರು ಉಸಿರು ಎಳೆದುಕೊಳ್ಳುವುದು ಅದನ್ನು ನೋಡಿಯೇ.

ಹಿಂದೆ ತೆರೆಯ ಮೇಲೆ ಸಿನಿಮಾ ಓಡುತ್ತಿದ್ದರೆ ಇನ್ನೂ ಮಜಾ. ಸೆಕೆಂಡಿಗೆ 24 ಫ್ರೇಮ್, ಯಾರಿಗೂ ಕಾಯುವುದಿಲ್ಲ. ಅದರ ಜೊತೆ ಹೆಜ್ಜೆ ಹಾಕಲು ಒಂದೋ ಕಿವಿಯಲ್ಲಿ ಕ್ಲಿಕ್ ಟ್ರ್ಯಾಕ್ (ಸಿನಿಮಾಕ್ಕೆ ಹೊಂದಿಸಿದ ತಾಳದ ಸದ್ದು) ಟಕ್ ಟಕ್ ಅನ್ನುತ್ತಿರುತ್ತದೆ, ಇಲ್ಲವೇ ಮಾನಿಟರಿನಲ್ಲಿ ಉದ್ದನೆಯ ಗೆರೆಯೊಂದು ಎಡದಿಂದ ಬಲಕ್ಕೆ ಸರಿಯುತ್ತದೆ. ಅದು ಅಂಚು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಬೀಟ್ ಬೀಳಬೇಕು.

ನನಗೆ ಗೆರೆಯೇ ಇಷ್ಟ. ಕ್ಲಿಕ್ ಇದ್ದರೆ ವಯೊಲಿನ್‌ನವರಿಗೆ ಒಂದು ಸ್ವರವನ್ನು ಚೂರು ಜಾಸ್ತಿ ಎಳೆಯಲೂ ಜಾಗ ಸಿಗುವುದಿಲ್ಲ. (ಹೊಡೆದಾಟದ ದೃಶ್ಯಕ್ಕಾದರೆ ಕ್ಲಿಕ್ಕೇ ಸರಿ, ಅದರಲ್ಲಿ ವಾದವಿಲ್ಲ.)