‘ಯಾವ ಕಲೆ ಸೇರಿಸಲಿ?’ ಅಂತ ಕೇಳುವವರಿಗೆ

"ಮೇಡಂ, ನಾಡಿದ್ದು ನನ್ನ ಪ್ರೆಸೆಂಟೇಶನ್. ಹತ್ತೇ ನಿಮಿಷ. ಪಾಠದಲ್ಲಿ ಕಲೆ ಇರಲೇಬೇಕಂತೆ. ಯಾವ ಕಲೆ ಸೇರಿಸಲಿ?"

ಶಿಕ್ಷಕರಾಗಲು ಓದುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೆಸೇಜಿನಲ್ಲಿ ಕೇಳುತ್ತಾರೆ. ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳುತ್ತಾರೆ. ಇಷ್ಟು ದಿನ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಪ್ರಶ್ನೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: "ಯಾವ ಪಾಠ?" ಹೆಚ್ಚಿನವರು ಹೇಳುವ ಉತ್ತರ: "ಯಾವುದಾದರೂ ಪರವಾಗಿಲ್ಲ, ಮೊದಲು ಕಲೆ ಹೇಳಿ." ಅಲ್ಲೇ ನನಗೆ ಕೋಪ ಬರುವುದು. ಪಾಠ ಯಾವುದಾದರೂ ಪರವಾಗಿಲ್ಲ ಅನ್ನುವವರಿಗೆ ಕಲೆಯೂ ಯಾವುದಾದರೂ ಪರವಾಗಿಲ್ಲ ಅಂತಲೇ ಅರ್ಥ. ಹಾಗಿದ್ದರೆ ನನ್ನನ್ನು ಯಾಕೆ ಕೇಳಬೇಕು?

‘ಸೇರಿಸು’ ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಪಾಠ ಆಗಲೇ ತಯಾರಾಗಿದೆ, ಅದರ ಮೇಲೆ ಒಂದು ಹಾಡನ್ನೋ ಚಿತ್ರವನ್ನೋ ಅಂಟಿಸಿದರೆ ಮುಗಿಯಿತು ಅನ್ನುವ ಭಾವ ಆ ಮಾತಿನಲ್ಲಿದೆ. ನೀರಿನ ಚಕ್ರದ ಪಾಠ ಅಂದ ಕೂಡಲೇ ಒಂದು ಹಾಳೆ ಹಂಚಿ, ಮೋಡಕ್ಕೆ ನೀಲಿ ಬಣ್ಣ ಹಚ್ಚಿ ಅನ್ನುತ್ತಾರೆ. ಮಗು ಚೆನ್ನಾಗಿಯೇ ಹಚ್ಚುತ್ತದೆ. ಆವಿ ಯಾಕೆ ಮೇಲೆ ಹೋಗುತ್ತದೆ ಅಂತ ಒಂದಿಷ್ಟೂ ಗೊತ್ತಿಲ್ಲದೆ ಹಚ್ಚಬಹುದು. ಆ ಹಾಳೆಯನ್ನು ತೆಗೆದುಬಿಟ್ಟರೂ ಪಾಠ ಹಾಗೇ ಇರುತ್ತದೆ, ಅಲ್ವಾ? ನಿಮ್ಮ ಯೋಜನೆಯನ್ನೂ ಹೀಗೇ ನೋಡಿ. ಕಲೆಯನ್ನು ತೆಗೆದರೆ ಏನೂ ಕೆಡುವುದಿಲ್ಲ ಅಂತಾದರೆ, ಅದು ಅಲ್ಲಿ ಸುಮ್ನೆ ಕೂತಿದೆ.

ಇದು ನನ್ನೊಬ್ಬಳ ಸಿಟ್ಟಲ್ಲ. ಲಿಯೋರಾ ಬ್ರೆಸ್ಲರ್ ಎಂಬ ಕಲಾಶಿಕ್ಷಣದ ಸಂಶೋಧಕಿ ಶಾಲೆಗಳನ್ನು ನೋಡಿ, ಕಲೆಯನ್ನು ಪಾಠದೊಳಗೆ ತರುವ ನಾಲ್ಕು ಬಗೆಗಳನ್ನು 1995ರಲ್ಲಿ ಗುರುತಿಸಿದರು. ಅವರಿಗೆ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಕಲೆ ಬೇರೆ ವಿಷಯದ ಆಳಾಗಿ ದುಡಿಯುವ ಬಗೆ. ಎರಡೂ ಸರಿಸಮನಾಗಿ ನಿಲ್ಲುವ ಬಗೆ ತೀರಾ ಅಪರೂಪ.

ಸರಿಸಮ ಅಂದರೆ ಹೇಗೆ? ಲಘುತಮ ಸಾಮಾನ್ಯ ಅಪವರ್ತ್ಯವನ್ನೇ (ಲ.ಸಾ.ಅ.) ತೆಗೆದುಕೊಳ್ಳಿ, ಅಂದರೆ ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. 4 ಮತ್ತು 6ರ ಲ.ಸಾ.ಅ. ಎಷ್ಟು ಅಂದರೆ ಎಷ್ಟೋ ಮಕ್ಕಳು ಎರಡನ್ನೂ ಗುಣಿಸಿ 24 ಅನ್ನುತ್ತಾರೆ. ಈ ಪಾಠದ ಗಂಟು ಇರುವುದು ಅಲ್ಲೇ. ಈಗ ತರಗತಿಯನ್ನು ಎರಡು ಗುಂಪು ಮಾಡಿ. ಎಲ್ಲರೂ ಒಂದೇ ವೇಗದಲ್ಲಿ ಜೋರಾಗಿ ಎಣಿಸಲಿ. ಒಂದು ಗುಂಪು ಪ್ರತಿ ನಾಲ್ಕನೇ ಎಣಿಕೆಗೆ ಚಪ್ಪಾಳೆ ಹೊಡೆಯಲಿ, ಇನ್ನೊಂದು ಪ್ರತಿ ಆರನೆಯದಕ್ಕೆ. ಹನ್ನೆರಡಕ್ಕೆ ಬಂದಾಗ ಎರಡೂ ಗುಂಪಿನ ಚಪ್ಪಾಳೆ ಒಟ್ಟಿಗೆ ಬೀಳುತ್ತದೆ. ಆ ಸದ್ದು ದೊಡ್ಡದಾಗಿರುತ್ತದೆ, ಮಕ್ಕಳು ಬೆಚ್ಚಿ ನಗುತ್ತಾರೆ. 24 ಅಂದಿದ್ದ ಮಗು ತಾನಾಗಿ ನಿಲ್ಲುತ್ತದೆ: "ಅದಕ್ಕಿಂತ ಮುಂಚೆಯೇ ಸೇರಿತಲ್ಲ!" ಆಮೇಲೆ 2 ಮತ್ತು 3 ಮಾಡಿಸಿ. ಅಲ್ಲಿ ಗುಣಿಸಿದ ಉತ್ತರವೇ, 6, ಸರಿಯಾಗುತ್ತದೆ. ಇಲ್ಲಿ ಸರಿಯಾದದ್ದು ಅಲ್ಲಿ ಯಾಕೆ ಆಗಲಿಲ್ಲ? 4 ಮತ್ತು 6 ಎರಡರಲ್ಲೂ 2 ಅಡಗಿದೆ ಅನ್ನುವುದು ಆಗ ಹೊರಗೆ ಬರುತ್ತದೆ.

ಇಲ್ಲಿ ಲಯ ಯಾರ ಆಳೂ ಅಲ್ಲ ನೋಡಿ. ಒಬ್ಬ ಅವಸರ ಮಾಡಿದರೂ ಎಣಿಕೆ ಕೆಡುತ್ತದೆ, ಹನ್ನೆರಡು ಸಿಗುವುದಿಲ್ಲ. ಗಣಿತ ಸರಿ ಬರಬೇಕಾದರೆ ಲಯ ಸರಿ ಇರಬೇಕು. ಹಾಗಾಗಿ ಕಾಲಪ್ರಮಾಣ ಹಿಡಿದಿಡುವುದನ್ನೂ ನೀವು ಕಲಿಸುತ್ತಿದ್ದೀರಿ. ಮೊದಲ ಸಲ ಕೆಟ್ಟೇ ಕೆಡುತ್ತದೆ. ಕೆಡಲಿ. ಎರಡನೇ ಸಲ ನಿಧಾನಕ್ಕೆ ಮಾಡಿಸಿ.

ಹತ್ತು ನಿಮಿಷದ ಲೆಕ್ಕವೂ ಹೇಳಿಬಿಡುತ್ತೇನೆ, ಅದನ್ನೂ ಕೇಳುತ್ತಾರೆ. ಶುರುವಿಗೆ ಒಂದು ನಿಮಿಷ. ಕೂತವರು ಎದ್ದು ಮಾಡುವುದಕ್ಕೆ ಐದು. ಏನಾಯಿತು ಅಂತ ಅವರೇ ಮಾತಾಡುವುದಕ್ಕೆ ಮೂರು. ಈ ಕಲೆಯನ್ನೇ ಯಾಕೆ ಆರಿಸಿದೆ ಅಂತ ನೀವು ಹೇಳುವುದಕ್ಕೆ ಕೊನೆಯ ಒಂದು. ವ್ಯಾಖ್ಯಾನಗಳ ಸ್ಲೈಡ್ ಬೇಡ. ಹೋವರ್ಡ್ ಗಾರ್ಡ್ನರ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಏಳು ಬಗೆಯ ಬುದ್ಧಿಗಳನ್ನು ಹೇಳಿದರು, ಆದ್ದರಿಂದ ಪ್ರತಿ ಮಗುವಿಗೂ ಅದರದೇ ಕಲಿಕೆಯ ಶೈಲಿ ಇದೆ ಅಂತ ನಾಲ್ಕು ಸ್ಲೈಡ್ ಹಾಕುವವರನ್ನು ಎಷ್ಟು ಸಲ ನೋಡಿಲ್ಲ! ಬುದ್ಧಿಯ ಬಗೆ ಬೇರೆ, ಕಲಿಕೆಯ ಶೈಲಿ ಬೇರೆ ಅಂತ ಗಾರ್ಡ್ನರ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಅದೂ ಅಲ್ಲದೆ, ಕಲೆಯಿಂದ ಕಲಿಸುವುದು ಹೇಗೆ ಅಂತ ತೋರಿಸಬೇಕಾದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಓದಿ ಹೇಳುವುದು ಯಾಕೆ?

"ನನಗೆ ಚಿತ್ರ ಬರೆಯೋಕೆ ಬರಲ್ಲ" ಅನ್ನುವವರಿಗೆ ಒಂದೇ ಮಾತು. ಬರೆಯಬೇಕಾದವರು ಮಕ್ಕಳು. ನೀವು ಅದನ್ನು ನೋಡಬೇಕು.

ನೋಡುವುದು ಅಂದಾಗ ನನಗೆ ಒಬ್ಬ ಹುಡುಗಿ ನೆನಪಾಗುತ್ತಾಳೆ. ಅವಳ ಪಾಠ ಘನ, ದ್ರವ, ಅನಿಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು, ಎಂಟು ಜನ ಸಹಪಾಠಿಗಳನ್ನು ಒಳಗೆ ನಿಲ್ಲಿಸಿದಳು. "ನೀವೆಲ್ಲ ನೀರಿನ ಕಣಗಳು" ಅಂದಳು. ಘನ ಅಂದಾಗ ಸಾಲಾಗಿ ನಿಂತು ನಿಂತಲ್ಲೇ ನಡುಗಿದರು. ದ್ರವ ಅಂದಾಗ ಒಬ್ಬರ ಪಕ್ಕ ಒಬ್ಬರು ಜಾರಿದರು. ಅನಿಲ ಅಂದಳು. ಎಂಟೂ ಜನ ಕೈ ಅಗಲಿಸಿ, ಕೆನ್ನೆ ಉಬ್ಬಿಸಿ, ಚೌಕದೊಳಗೇ ದೊಡ್ಡದಾಗಿ ನಿಂತರು.

ಅವಳು ಸುಮ್ಮನೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನೀವು ದಪ್ಪ ಆಗ್ತಿದ್ದೀರಿ. ದೂರ ಹೋಗ್ತಾ ಇಲ್ಲ."

ಕೋಣೆ ಗಪ್‌ಚಿಪ್. ಬಿಸಿಯಾದಾಗ ಕಣಗಳ ನಡುವಿನ ದೂರ ಹೆಚ್ಚುತ್ತದೆ, ಕಣ ಉಬ್ಬುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಆ ಎಂಟೂ ಜನ ಸರಿಯಾಗಿಯೇ ಬರೆಯುತ್ತಿದ್ದರು. ಅವರ ಮೈ ಮಾತ್ರ ಬೇರೆಯೇ ಹೇಳಿತು. ಅಲ್ಲಿಂದ ಮುಂದೆ ಅವಳು ತನ್ನ ಸ್ಲೈಡುಗಳ ಕಡೆ ತಿರುಗಲೇ ಇಲ್ಲ. ಉಳಿದ ಹೊತ್ತೆಲ್ಲ ಆ ತಪ್ಪಿನ ಬಗ್ಗೆಯೇ ಮಾತಾಯಿತು. ಗಂಟೆ ಬಾರಿಸಿತು.

ಅಂಕ ಹಾಕಲು ಕೂತಿದ್ದವರಲ್ಲಿ ನಾನೂ ಒಬ್ಬಳು. ಪಕ್ಕದವರು ‘ಉಪಸಂಹಾರ ಇಲ್ಲ, ಯೋಜನೆ ಪೂರ್ತಿಯಾಗಿಲ್ಲ’ ಅಂತ ಬರೆದು ಅಂಕ ಕಡಿದರು. ನಾನು ವಾದ ಮಾಡಿದೆ. ಆ ದಿನ ನಾವು ನೋಡಿದ ಪ್ರೆಸೆಂಟೇಶನ್‌ಗಳಲ್ಲಿ ನಿಜವಾಗಿ ಏನಾದರೂ ನಡೆದದ್ದು ಇದೊಂದರಲ್ಲೇ ಅಂದೆ. ಅಂಕ ಬದಲಾಗಲಿಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಯೋಜನೆ ಮುಗಿಸಿದವರಿಗೆಲ್ಲ ಒಳ್ಳೆಯ ಅಂಕ ಬಂತು. ಕಣ್ಣು ಬಿಟ್ಟು ನೋಡಿದವಳಿಗೆ ಇಲ್ಲ.

ಆದರೆ ಅವಳು ಅಂಕದ ವಿಷಯ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ಮೇಡಂ, ಅವರು ಉಬ್ಬಿದರಲ್ಲ, ಆಗ ನಾನು ಮುಂದೆ ಏನು ಮಾಡಬೇಕಿತ್ತು?"

ನೀವೂ ನನ್ನನ್ನು ಈ ಪ್ರಶ್ನೆ ಕೇಳಿ. ಮಕ್ಕಳು ಬರೆದದ್ದರಲ್ಲಿ, ಕುಣಿದದ್ದರಲ್ಲಿ ನನಗೆ ಏನೋ ಕಂಡಿತು, ಈಗ ಏನು ಮಾಡಲಿ ಅಂತ ಕೇಳಿ. ಮಧ್ಯರಾತ್ರಿ ಮೆಸೇಜ್ ಮಾಡಿದರೂ ಉತ್ತರ ಕೊಡುತ್ತೇನೆ.

ಅವಳಿಗೂ ಕೊಟ್ಟೆ. ಮೈ ದೊಡ್ಡದು ಮಾಡುವ ದಾರಿಯನ್ನೇ ಮುಚ್ಚಿಬಿಡು ಅಂದೆ. ಕೈ ಕಟ್ಟಿ ನಿಲ್ಲಲಿ, ಆಮೇಲೆ ಅನಿಲ ಆಗಲಿ. ಎಷ್ಟು ದೂರ ಹೋಗಬೇಕು ಅನ್ನುವುದನ್ನು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕುದಿಯುವ ನೀರು ಹಬೆಯಾದಾಗ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತದೆ. ಅದು ಉದ್ದ, ಅಗಲ, ಎತ್ತರ ಮೂರೂ ಕಡೆ ಹಂಚಿಹೋಗುವುದರಿಂದ, ಒಂದು ಕಣದಿಂದ ಪಕ್ಕದ ಕಣಕ್ಕೆ ಇರುವ ದೂರ ಸುಮಾರು 12 ಪಟ್ಟು ಆಗುತ್ತದೆ. ಅವಳ ಗೆಳೆಯರು ಅರ್ಧ ಮೀಟರ್ ದೂರದಲ್ಲಿ ನಿಂತಿದ್ದರು. ಅಂದರೆ ಈಗ ಆರು ಮೀಟರ್.

ಅವಳು ಎಂಟೂ ಜನರನ್ನು ಮತ್ತೆ ಕರೆದಳು. ಕೈ ಕಟ್ಟಿ ನಿಲ್ಲಿಸಿ "ಅನಿಲ" ಅಂದಳು. ಮೊದಲು ಸೀಮೆಸುಣ್ಣದ ಗೆರೆ ದಾಟಿದರು. ಆಮೇಲೆ ಗೋಡೆಗಳು ಅಡ್ಡ ಬಂದವು. ಮೂವರು ಬಾಗಿಲು ದಾಟಿ ಹೊರಗೆ ಹೋದರು.

"ಇನ್ನೂ ಹೋಗಬೇಕಾ?" ಅಂತ ಕಾರಿಡಾರಿನಿಂದ ಒಬ್ಬ ಕೂಗಿದ.

"ಹೋಗು, ಇನ್ನೂ ಹೋಗು" ಅಂದಳು.