ಥ್ಯಾಂಕ್ಸ್‌ಗಿವಿಂಗ್ ಊಟ, ಆತ್ಮರಕ್ಷಣೆಯ ಜಗಳ

“ಎಲ್ಲಾ ಸರಿ, ಆದ್ರೆ ಗನ್ ಹಿಡಿದು ನಿಂತವನ ಮೇಲೆ ಆ ಹುಡುಗ ಯಾಕ್ರೀ ನುಗ್ಗಬೇಕಿತ್ತು? ಸುಮ್ನೆ ನಿಂತಿದ್ರೆ ಆಗ್ತಿತ್ತಲ್ವಾ?”

ಮನೆಯ ಯಜಮಾನರು ಇಷ್ಟು ಹೇಳಿದ್ದೇ ತಡ, ಬಿಸಿಬೇಳೆ ಬಾತ್ ಬಡಿಸುತ್ತಿದ್ದವರೂ ಸೌಟು ಕೈಯಲ್ಲೇ ಹಿಡಿದು ವಾದಕ್ಕೆ ನಿಂತರು. 2021ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ. ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿಯಲ್ಲಿ ಗೆಳೆಯರ ಮನೆಯಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿದ್ದೆವು. ಹಿಂದಿನ ದಿನ ಮಧ್ಯಾಹ್ನವಷ್ಟೇ ಅಹ್ಮಾಡ್ ಆರ್ಬರಿ ಕೊಲೆ ಕೇಸಿನ ತೀರ್ಪು ಬಂದಿತ್ತು. ಆರೋಪಿಗಳು ಮೂವರೂ ಅಪರಾಧಿಗಳು ಎಂದು ಜೂರಿ, ಅಂದರೆ ತೀರ್ಪು ಕೊಡಲು ಆರಿಸಿದ 12 ಸಾಮಾನ್ಯ ನಾಗರಿಕರು, ಹೇಳಿತ್ತು.

ನಡೆದದ್ದು ಇಷ್ಟು. 2020ರ ಫೆಬ್ರವರಿ 23, ಭಾನುವಾರ ಮಧ್ಯಾಹ್ನ. ಜಾರ್ಜಿಯಾ ಕರಾವಳಿಯ ಬ್ರನ್ಸ್‌ವಿಕ್ ಹತ್ತಿರ ಸಟಿಲ್ಲಾ ಶೋರ್ಸ್ ಎಂಬ ಬಡಾವಣೆ. ಜೆಕಿಲ್ ಐಲೆಂಡಿನ ಬೀಚಿಗೆ ಹೋಗುವ ನಮ್ಮಂಥವರಿಗೆ ಬ್ರನ್ಸ್‌ವಿಕ್ ಅಂದರೆ ದಾರಿಯಲ್ಲಿ ಪೆಟ್ರೋಲ್ ಹಾಕಿಸುವ ಊರು. ಆರ್ಬರಿ 25 ವರ್ಷದ ಕಪ್ಪು ಹುಡುಗ. ಕಟ್ಟುತ್ತಿದ್ದ ಒಂದು ಮನೆಯೊಳಗೆ ಹೋಗಿ, ಕೆಲವು ನಿಮಿಷ ಸುತ್ತಾಡಿ, ಹೊರಗೆ ಬಂದು ಓಡತೊಡಗಿದ. ಅವನನ್ನು ಕಂಡ ಗ್ರೆಗರಿ ಮೆಕ್‌ಮೈಕಲ್ ಮಗ ಟ್ರಾವಿಸ್‌ನನ್ನು ಕೂಗಿದ. ಅಪ್ಪನ ಕೈಲಿ ರಿವಾಲ್ವರ್, ಮಗನ ಕೈಲಿ ಶಾಟ್‌ಗನ್. ಪಿಕಪ್ ಟ್ರಕ್ ಹತ್ತಿ ಹಿಂದೆ ಬಿದ್ದರು. ನೆರೆಯ ವಿಲಿಯಂ ಬ್ರಯನ್ ತನ್ನ ಟ್ರಕ್ ತಗೊಂಡು ಜೊತೆಯಾದ, ಫೋನಲ್ಲಿ ವಿಡಿಯೋನೂ ಮಾಡಿದ. ಸುಮಾರು ಐದು ನಿಮಿಷ ಅಟ್ಟಿಸಿಕೊಂಡು ಹೋಗಿ ಅಡ್ಡಗಟ್ಟಿದರು. ಟ್ರಾವಿಸ್ ಕೆಳಗಿಳಿದು ಗನ್ ಹಿಡಿದು ನಿಂತ. ಆರ್ಬರಿ ಟ್ರಕ್ಕನ್ನು ಸುತ್ತಿ ಬಂದು ಅವನತ್ತ ತಿರುಗಿದ. ಇಬ್ಬರಿಗೂ ಗನ್ನಿಗಾಗಿ ಎಳೆದಾಟವಾಯಿತು. ಮೂರು ಗುಂಡು ಹಾರಿದವು.

ಆ ಸಂಜೆ ಯಾರನ್ನೂ ಹಿಡಿಯಲಿಲ್ಲ. ಮುಂದಿನ ವಾರವೂ ಇಲ್ಲ, ಮುಂದಿನ ತಿಂಗಳೂ ಇಲ್ಲ. ಗ್ರೆಗರಿ ಹಳೇ ಪೊಲೀಸು. ಅಲ್ಲಿನ ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರ) ಕಚೇರಿಯಲ್ಲಿ ತನಿಖಾಧಿಕಾರಿಯಾಗಿ ನಿವೃತ್ತನಾದವನು. ಹಾಗಾಗಿ ಮೊದಲ ಪ್ರಾಸಿಕ್ಯೂಟರ್ ಕೇಸಿನಿಂದ ಹಿಂದೆ ಸರಿದರು. ಎರಡನೆಯವರಾದ ಜಾರ್ಜ್ ಬಾರ್ನ್‌ಹಿಲ್ ತಾವೂ ಹಿಂದೆ ಸರಿದರು, ಆದರೆ ಸರಿಯುವ ಮುಂಚೆ ಪೊಲೀಸರಿಗೆ ಒಂದು ಪತ್ರ ಬರೆದರು: ಇದು ನಾಗರಿಕರೇ ಮಾಡಬಹುದಾದ ಬಂಧನ, ಗುಂಡು ಹಾರಿಸಿದ್ದು ಆತ್ಮರಕ್ಷಣೆಗೆ, ಅರೆಸ್ಟ್ ಮಾಡುವಂಥದ್ದೇನೂ ಇಲ್ಲ. ಮೇ 5ರಂದು ಬ್ರಯನ್‌ನ ವಿಡಿಯೋ ಹೊರಗೆ ಬಂತು. ರಾಜ್ಯದ ತನಿಖಾ ದಳ ಕೇಸು ತಗೊಂಡಿತು. ಮೇ 7ಕ್ಕೆ ಅಪ್ಪ ಮಗ ಒಳಗಿದ್ದರು. ಅಷ್ಟರಲ್ಲಿ 74 ದಿನ ಕಳೆದಿತ್ತು.

ನಮ್ಮ ಮಾವ ಹಾಸನದಲ್ಲಿ ವಕೀಲರಾಗಿದ್ದವರು, ಕ್ರಿಮಿನಲ್ ಕಡೆ ಜಾಸ್ತಿ. ಕೊರೊನಾದಿಂದ ಮುಚ್ಚಿದ್ದ ಅಮೆರಿಕದ ಬಾಗಿಲು ನವೆಂಬರ್ 8ಕ್ಕೆ ತೆರೆದ ಕೂಡಲೇ ಬಂದಿದ್ದರು. ಜೆಟ್‌ಲ್ಯಾಗ್ ಅಂತ ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ಕೂರೋರು. ಭಜನೆ ಕೇಳಲಿ ಅಂತ ನಾನು ಐಪ್ಯಾಡ್ ಕೊಟ್ಟರೆ, ಅವರು ಯೂಟ್ಯೂಬಿನಲ್ಲಿ ಈ ವಿಚಾರಣೆ ಹುಡುಕಿಕೊಂಡು ಗಂಟೆಗಟ್ಟಲೆ ನೋಡಿದ್ದರು. ಹಾಗಾಗಿ ಯಜಮಾನರ ಪ್ರಶ್ನೆಗೆ ತಟ್ಟೆ ಪಕ್ಕಕ್ಕಿಟ್ಟು ತಯಾರಾದರು.

“ನೀನು ಕಥೇನ ಟ್ರಕ್ಕಿನ ಮುಂದಿಂದ ಶುರು ಮಾಡ್ತಿದ್ದೀಯ ಕಣಪ್ಪ. ಅಲ್ಲಿಂದ ಶುರು ಮಾಡಿದ್ರೆ ಗನ್ ಇಟ್ಕೊಂಡೋನು ಪಾಪದವನ ಥರ ಕಾಣ್ತಾನೆ. ಐದು ನಿಮಿಷ ಹಿಂದೆ ಹೋಗು. ಅವನ ಮನೆ ಅಂಗಳಕ್ಕೆ ಹೋಗು. ಅಲ್ಲಿ ಯಾರಿಂದ ಯಾರಿಗೆ ಭಯ ಇತ್ತು?”

ಡಿಫೆನ್ಸ್ ವಕೀಲರು, ಅಂದರೆ ಆರೋಪಿಗಳ ಪರ ವಕೀಲರು, ಇಡೀ ವಿಚಾರಣೆಯಲ್ಲಿ ಕಷ್ಟಪಟ್ಟಿದ್ದೇ ಇದಕ್ಕೆ. ಟ್ರಾವಿಸ್ ತಾನೇ ಸಾಕ್ಷಿ ಕಟ್ಟೆ ಹತ್ತಿ, ಆರ್ಬರಿ ಗನ್ನಿಗೆ ಕೈ ಹಾಕಿದ, ಜೀವ ಉಳಿಸಿಕೊಳ್ಳಲು ಹೊಡೆದೆ ಎಂದ. ಪ್ರಾಸಿಕ್ಯೂಟರ್ ಲಿಂಡಾ ಡುನಿಕೋಸ್ಕಿ ಆ ಒಂದು ಕ್ಷಣಕ್ಕೇ ಅಂಟಿಕೊಳ್ಳದೆ ಹಿಂದಿಂದ ಒಂದೊಂದಾಗಿ ಕೇಳುತ್ತಾ ಬಂದರು. ಅವನು ನಿನಗೆ ಬೆದರಿಕೆ ಹಾಕಿದನಾ? ಇಲ್ಲ. ಆಯುಧ ತೋರಿಸಿದನಾ? ಇಲ್ಲ. ಮಾತಾದರೂ ಆಡಿದನಾ? ಇಲ್ಲ. ಅವನು ಮಾಡಿದ್ದೆಲ್ಲ ಓಡಿದ್ದು ಮಾತ್ರ ಅಲ್ಲವಾ? ಮಾವ ಈ ಭಾಗವನ್ನು ಹಿಂದೆ ತಳ್ಳಿ ತಳ್ಳಿ ಎರಡೆರಡು ಸಲ ನೋಡಿದ್ದರಂತೆ. “ಆಯಮ್ಮ ಒಂದು ಸಲಾನೂ ದನಿ ಎತ್ತಲಿಲ್ಲ” ಎಂದು ಮೆಚ್ಚಿಕೊಂಡರು.

ಆಮೇಲೆ 2024ರವರೆಗೆ ಜಾರಿಯಲ್ಲಿದ್ದ ಐಪಿಸಿಗೆ, ಅಂದರೆ ಭಾರತೀಯ ದಂಡ ಸಂಹಿತೆಗೆ ಬಂದರು. ನಮ್ಮಲ್ಲಿ 96ರಿಂದ 106ನೇ ಸೆಕ್ಷನ್‌ವರೆಗೆ ಆತ್ಮರಕ್ಷಣೆಯ ಹಕ್ಕು ಬರುತ್ತಿತ್ತು. ಅದರಲ್ಲಿ 99 ಮುಖ್ಯ. ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಆ ಹಕ್ಕಿಲ್ಲ, ಇದ್ದರೂ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ. ಜಾರ್ಜಿಯಾದ ಕಾನೂನೂ ತಾನೇ ಮೇಲೆ ಬಿದ್ದು ಹೋದವನಿಗೆ ಆತ್ಮರಕ್ಷಣೆಯ ನೆಪ ಕೊಡುವುದಿಲ್ಲ. ಅದಕ್ಕೇ ಡಿಫೆನ್ಸಿನವರಿಗೆ ನಾಗರಿಕ ಬಂಧನದ ಕಾನೂನು ಬೇಕಾಗಿದ್ದು. ಅಟ್ಟಿಸಿಕೊಂಡು ಹೋಗಿದ್ದು ಕಾನೂನುಬದ್ಧ ಎಂದಾದರೆ ಮಾತ್ರ ಕೊನೆಯ ಗುಂಡು ಆತ್ಮರಕ್ಷಣೆ ಆಗಬಹುದು. ಒಂದರ ಮೇಲೆ ಒಂದು ನಿಂತಿತ್ತು. 1863ರ, ಅಂದರೆ ಗುಲಾಮಗಿರಿ ಇದ್ದ ಕಾಲದ ಕಾನೂನು ಅದು. ಅಪರಾಧ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ತಕ್ಷಣಕ್ಕೆ ಗೊತ್ತಾಗಿರಬೇಕು. ದೊಡ್ಡ ಅಪರಾಧ ಮಾಡಿ ಓಡುತ್ತಿದ್ದರೆ ಗಟ್ಟಿ ಅನುಮಾನವಾದರೂ ಬೇಕು. ಗ್ರೆಗರಿ ಅವತ್ತೇ ಪೊಲೀಸರಿಗೆ, ಅವನು ಅಲ್ಲಿಂದ ಏನೂ ಕದ್ದಿರಲಿಕ್ಕಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿಬಿಟ್ಟಿದ್ದ. ಬಂಧನ ಅಪರಾಧದ ಬೆನ್ನಿಗೇ ಆಗಬೇಕು ಎಂದು ಜಡ್ಜ್ ಟಿಮತಿ ವಾಮ್ಸ್ಲಿ ಜೂರಿಗೆ ಹೇಳಿದ ಮೇಲೆ ಬುಡವೇ ಅಲ್ಲಾಡಿತು. ಆ ಕಾನೂನನ್ನು 2021ರ ಮೇ ತಿಂಗಳಲ್ಲೇ ಜಾರ್ಜಿಯಾ ತೆಗೆದುಹಾಕಿತ್ತು. ಆದರೆ ಕೊಲೆಯಾದ ದಿನ ಅದು ಜಾರಿಯಲ್ಲಿತ್ತಲ್ಲ.

ಯಜಮಾನರು ಸುಲಭಕ್ಕೆ ಬಿಡುವವರಲ್ಲ. ಅವರ ವಾದದಲ್ಲೂ ಹುರುಳಿತ್ತು. 2020ರ ಜನವರಿ 1ಕ್ಕೆ ಟ್ರಾವಿಸ್‌ನ ಟ್ರಕ್ಕಿನಿಂದ ಪಿಸ್ತೂಲು ಕಳುವಾಗಿತ್ತು. ಫೆಬ್ರವರಿ 11ರ ರಾತ್ರಿ ಅವನು ಅದೇ ಮನೆಯ ಬಳಿ ಆರ್ಬರಿಯನ್ನು ಕಂಡು ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದ್ದ. “ನಿಮ್ಮ ಬೀದೀಲಿ ಹೀಗಾದ್ರೆ ಸುಮ್ನಿರ್ತೀರಾ?” ಎಂದರು. ಇಲ್ಲ, ಸುಮ್ಮನಿರುವುದಿಲ್ಲ. ನಮ್ಮ ಬಡಾವಣೆಯಲ್ಲೂ ಕಾರಿನ ಗಾಜು ಒಡೆದರೆ ಎಲ್ಲರೂ ತಮ್ಮ ತಮ್ಮ ಡೋರ್‌ಬೆಲ್ ಕ್ಯಾಮೆರಾ ನೋಡುತ್ತಾ ಕೂರುತ್ತೇವೆ. ಆದರೆ ಶಾಟ್‌ಗನ್ ತಗೊಂಡು ಹೊರಡುವುದಿಲ್ಲ. ನನ್ನ ಹತ್ತಿರ ಗನ್ ಇಲ್ಲ ಅನ್ನೋದು ಬೇರೆ ವಿಷಯ.

“ಹಾಗಾದ್ರೆ ರಿಟನ್‌ಹೌಸ್?” ಎಂದರು. ಹಿಂದಿನ ವಾರ, ನವೆಂಬರ್ 19ಕ್ಕೆ, ವಿಸ್ಕಾನ್ಸಿನ್‌ನ ಕಿನೋಶಾ ಕೇಸಿನಲ್ಲಿ ಕೈಲ್ ರಿಟನ್‌ಹೌಸ್ ಖುಲಾಸೆಯಾಗಿದ್ದ. 17ರ ಹುಡುಗ ಗಲಭೆಯ ಊರಿಗೆ ರೈಫಲ್ ಹಿಡಿದು ಹೋಗಿ ಇಬ್ಬರನ್ನು ಕೊಂದಿದ್ದ. ಸತ್ತವರೂ ಬಿಳಿಯರೇ. ಅಲ್ಲಿ ವಿಡಿಯೋದಲ್ಲಿ ಓಡುತ್ತಿದ್ದವನು ಅವನು, ಬೆನ್ನು ಹತ್ತಿದವರು ಉಳಿದವರು. ಜೂರಿ ಕಥೆಯನ್ನು ಅಲ್ಲಿಂದ ಎಣಿಸಿತು. ಆ ತೀರ್ಪು ನನಗೆ ಒಂದು ಚೂರೂ ಹಿಡಿಸಲಿಲ್ಲ, ಆದರೆ ಕಾನೂನಿನ ಅಕ್ಷರಕ್ಕೆ ಹೇಗೆ ಕೂತಿತು ಅನ್ನೋದು ಅರ್ಥವಾಗುತ್ತದೆ. ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದ ಯಜಮಾನರ ಮಗಳು, ಹೈಸ್ಕೂಲ್ ಹುಡುಗಿ, ಆಗ ತಲೆ ಎತ್ತಿದಳು. “ತಾತ, ಅವತ್ತು ರಾತ್ರಿ ರೈಫಲ್ ಹಾಕ್ಕೊಂಡು ಹೋಗ್ತಿದ್ದೋನು ಬ್ಲ್ಯಾಕ್ ಹುಡುಗ ಆಗಿದ್ರೆ, ಪೊಲೀಸ್ರು ಅವನಿಗೂ ನೀರಿನ ಬಾಟಲಿ ಕೊಡ್ತಿದ್ರಾ?” ಗುಂಡು ಹಾರುವ ಮುಂಚೆ ಪೊಲೀಸರು ರಿಟನ್‌ಹೌಸ್ ಮತ್ತು ಅವನ ಜೊತೆಯವರಿಗೆ ನೀರು ಕೊಟ್ಟಿದ್ದ ವಿಡಿಯೋ ಎಲ್ಲರೂ ನೋಡಿದ್ದೆವು. ಮಾವ ಇದಕ್ಕೆ ಯಾವ ಸೆಕ್ಷನ್ನೂ ಹೇಳಲಿಲ್ಲ.

“ಎಲ್ಲದಕ್ಕೂ ರೇಸ್, ಬಣ್ಣ ಅಂತ ಯಾಕೆ ಎಳೀತೀರಿ? ನಿನ್ನೆ ತೀರ್ಪು ಕೊಟ್ಟ 12 ಜನರಲ್ಲಿ 11 ಜನ ಬಿಳಿಯರೇ” ಎಂದು ಯಜಮಾನರು ಮತ್ತೆ ಎದ್ದರು. ಮಾತು ನಿಜವೇ. ಆದರೆ ಆ 11 ಹೇಗೆ ಆಯಿತು? ಬ್ರನ್ಸ್‌ವಿಕ್ ಇರುವ ಗ್ಲಿನ್ ಕೌಂಟಿಯಲ್ಲಿ ನಾಲ್ಕರಲ್ಲೊಂದು ಪಾಲು ಕಪ್ಪು ಜನ. ಜೂರಿಗೆ ಆರಿಸುವ ಕೊನೆಯ ಪಟ್ಟಿಯಲ್ಲಿ ಉಳಿದಿದ್ದ 12 ಕಪ್ಪು ಜನರಲ್ಲಿ 11 ಜನರ ಹೆಸರನ್ನು ಡಿಫೆನ್ಸ್ ಹೊಡೆದುಹಾಕಿತು. ಬೇಕೆಂದೇ ತಾರತಮ್ಯ ಮಾಡಿದಂತೆ ಕಾಣುತ್ತದೆ ಎಂದು ಜಡ್ಜೇ ಹೇಳಿ, ಕಾನೂನಿನಲ್ಲಿ ತನ್ನ ಕೈ ಕಟ್ಟಿದೆ ಎಂದು ಸುಮ್ಮನಾದರು. ಗ್ರೆಗರಿಯ ವಕೀಲೆ ಕೊನೆಯ ವಾದದಲ್ಲಿ ಸತ್ತ ಹುಡುಗನ ಕೊಳಕು, ಉದ್ದ ಕಾಲುಗುರುಗಳನ್ನು ಎತ್ತಿ ಆಡಿದರು. ಅವನ ತಾಯಿ ಎದ್ದು ಹೊರಗೆ ಹೋದರು. ಇನ್ನು 911ರ ಕರೆ. ಏನು ಎಮರ್ಜೆನ್ಸಿ ಎಂದು ಕೇಳಿದ್ದಕ್ಕೆ ಗ್ರೆಗರಿ ಹೇಳಿದ್ದು, ಬೀದಿಯಲ್ಲಿ ಒಬ್ಬ ಕಪ್ಪು ಗಂಡಸು ಓಡುತ್ತಿದ್ದಾನೆ ಎಂದು. ಕಳ್ಳ ಎನ್ನಲಿಲ್ಲ. ಗನ್ ಇದೆ ಎನ್ನಲಿಲ್ಲ. ಇದನ್ನು ನಾನು ಹೇಳಿದಾಗ ಯಜಮಾನರು, “ಗುರುತು ಹೇಳಿದಾನೆ ಅಷ್ಟೇ” ಎಂದರು.

ಅವರ ಹೆಂಡತಿ ಅಲ್ಲಿಯವರೆಗೆ ಅಡುಗೆಮನೆ ಕಟ್ಟೆಗೆ ಒರಗಿ ಕೇಳುತ್ತಿದ್ದರು. “ರೀ, ಈ ಮನೆ ತಗೊಳ್ಳೋ ಮುಂಚೆ ನಾವು ಎಷ್ಟು ಮನೆ ಒಳಗೆ ಹೀಗೇ ನುಗ್ಗಿ ನೋಡಿದೀವಿ?”

ಎಲ್ಲರೂ ನಕ್ಕರು, ಯಾಕೆಂದರೆ ಎಲ್ಲರೂ ಮಾಡಿದವರೇ. ಸಂಜೆ ವಾಕಿಂಗ್ ಹೋಗುತ್ತೇವೆ. ಹೊಸ ಬಡಾವಣೆಯಲ್ಲಿ ಮರದ ಚೌಕಟ್ಟಷ್ಟೇ ಆದ ಮನೆ ಕಾಣುತ್ತದೆ. ಬಾಗಿಲಿಲ್ಲ, ಮರದ ವಾಸನೆ, ಕಾಲಿಗೆ ಮೊಳೆ, ರೇಲಿಂಗ್ ಇಲ್ಲದ ಮೆಟ್ಟಿಲು. ಫೋನಿನ ಟಾರ್ಚ್ ಹಾಕಿ ಮೇಲೆ ಹತ್ತಿ, ದಿಕ್ಸೂಚಿ ಆ್ಯಪ್ ತೆಗೆದು, ಪೂರ್ವ ಯಾವುದು, ದೇವರಮನೆ ಎಲ್ಲಿ, ಸ್ಟವ್ ಯಾವ ಕಡೆ ಮುಖ ಮಾಡುತ್ತೆ ಅಂತ ಚರ್ಚೆ ಮಾಡುತ್ತೇವೆ. ಒಬ್ಬರಂತೂ ಟೇಪ್ ಹಿಡಿದು ಅಳತೆ ತಗೊಂಡಿದ್ದರು. ಕಾನೂನಿನ ಪ್ರಕಾರ ಅದೂ ಅತಿಕ್ರಮ ಪ್ರವೇಶವೇ. ಸಟಿಲ್ಲಾ ಶೋರ್ಸ್‌ನ ಆ ಮನೆಯ ಕ್ಯಾಮೆರಾದಲ್ಲೂ ಬೇರೆ ಬೇರೆ ಜನ ಒಳಹೊಕ್ಕಿದ್ದು ಸೆರೆಯಾಗಿತ್ತು. ಅವರಲ್ಲಿ ಒಂದು ಬಿಳಿಯ ಜೋಡಿಯೂ ಇತ್ತು. ಅವರ ಹಿಂದೆ ಯಾರೂ ಟ್ರಕ್ ಓಡಿಸಿಕೊಂಡು ಹೋಗಲಿಲ್ಲ.

ನಮ್ಮ ಹಿಂದೆಯೂ ಯಾರೂ ಬಂದಿಲ್ಲ, ನಿಜ. ಆದರೆ ನಾವು ಯಾರ ಕಣ್ಣಿಗೆ ಹೇಗೆ ಕಾಣುತ್ತೇವೋ! 2015ರ ಫೆಬ್ರವರಿಯಲ್ಲಿ ಪಕ್ಕದ ಅಲಬಾಮಾದ ಮ್ಯಾಡಿಸನ್‌ನಲ್ಲಿ ಸುರೇಶ್‌ಭಾಯ್ ಪಟೇಲ್ ಎಂಬ 57 ವರ್ಷದ ಗುಜರಾತಿ ಅಜ್ಜ, ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು, ಬೆಳಿಗ್ಗೆ ಮಗನ ಮನೆ ಮುಂದೆ ನಡೆಯುತ್ತಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿ, ಸಣಕಲು ಕಪ್ಪು ಮನುಷ್ಯನೊಬ್ಬ ಅಡ್ಡಾಡುತ್ತಿದ್ದಾನೆ ಎಂದರು. ಪೊಲೀಸನು ಅವರನ್ನು ನೆಲಕ್ಕೆ ಕೆಡವಿದ, ಬೆನ್ನುಮೂಳೆಗೆ ಪೆಟ್ಟಾಗಿ ಲಕ್ವ ಹೊಡೆದಂತಾಯಿತು. ಇಂಗ್ಲಿಷ್ ಬಾರದ ಅವರು ಇಂಡಿಯಾ ಎನ್ನುತ್ತಿದ್ದರು ಅಷ್ಟೇ. ನಮ್ಮ ಮಾವನೂ ದಿನಾ ಬೆಳಿಗ್ಗೆ ಮಂಕಿ ಕ್ಯಾಪ್ ಹಾಕಿ, ಕೈ ಹಿಂದೆ ಕಟ್ಟಿ, ಒಬ್ಬೊಬ್ಬರ ಮನೆ ಮುಂದೆಯೂ ನಿಂತು ಗಿಡ ನೋಡುತ್ತಿದ್ದರು. ಕ್ಯಾಪ್ ಬೇಡ ಮಾವ ಎಂದರೆ, “ಶೀತ ಆಗತ್ತೆ ಕಣಮ್ಮ” ಎನ್ನುತ್ತಿದ್ದರು.

ನಾವು ಕೂತು ವಾದ ಮಾಡುತ್ತಿದ್ದ ಜಾಗದ ಕಥೆ ಮಕ್ಕಳಿಗೆ ಗೊತ್ತಿತ್ತು, ದೊಡ್ಡವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. 1912ರಲ್ಲಿ ಬಿಳಿಯ ಹುಡುಗಿಯೊಬ್ಬಳ ಕೊಲೆಯಾದ ಮೇಲೆ ಫೋರ್ಸೈತ್ ಕೌಂಟಿಯಲ್ಲಿದ್ದ ಸಾವಿರಕ್ಕೂ ಹೆಚ್ಚು ಕಪ್ಪು ಜನರನ್ನು ಬೆದರಿಸಿ, ಮನೆ ಸುಟ್ಟು ಓಡಿಸಿದರು. ಒಬ್ಬನನ್ನು ಜೈಲಿನಿಂದ ಎಳೆದು ಕೊಂದರು. ಅವರೂ ಊರಿನ ರಕ್ಷಣೆಗೆ ಎಂದೇ ಹೊರಟವರು. 1987ರ ಜನವರಿಯಲ್ಲಿ ಇಲ್ಲಿ ಮೆರವಣಿಗೆ ಬಂದವರ ಮೇಲೆ ಕಲ್ಲು ಬಿತ್ತು. ಈಗ ಅದೇ ಕೌಂಟಿಯಲ್ಲಿ ಶಾಲೆ ಚೆನ್ನಾಗಿದೆ ಅಂತ ನಾವು ಮನೆ ಕೊಳ್ಳುತ್ತಿದ್ದೇವೆ. ಇದನ್ನು ಯಜಮಾನರ ಮಗಳೇ ಹೇಳಿದಳು. “ಅದಕ್ಕೂ ಇದಕ್ಕೂ ಏನು?” ಎಂದರು ಅಪ್ಪ. ಅವಳು ಫೋನಿಗೆ ವಾಪಸಾದಳು.

2022ರ ಜನವರಿ 7ಕ್ಕೆ ಶಿಕ್ಷೆ ಆಯಿತು. ಮೂವರಿಗೂ ಜೀವಾವಧಿ. ಬ್ರಯನ್‌ಗೆ ಮಾತ್ರ 30 ವರ್ಷದ ಮೇಲೆ ಪೆರೋಲ್, ಅಂದರೆ ಷರತ್ತಿನ ಬಿಡುಗಡೆ, ಕೇಳುವ ಅವಕಾಶ. ಶಿಕ್ಷೆ ಹೇಳುವ ಮುಂಚೆ ಜಡ್ಜ್ ಕೋರ್ಟಿನಲ್ಲಿ ಒಂದು ನಿಮಿಷ ಸುಮ್ಮನೆ ಕೂತರು. ಆ ಹುಡುಗನನ್ನು ಅಟ್ಟಿಸಿದ್ದು ಇಂಥ ಐದು ನಿಮಿಷ ಎಂದು ತೋರಿಸಲು. ಮುಂದಿನ ತಿಂಗಳು ಫೆಡರಲ್ (ಕೇಂದ್ರದ) ಕೋರ್ಟಿನಲ್ಲಿ ದ್ವೇಷಾಪರಾಧದ ವಿಚಾರಣೆ ನಡೆಯಿತು. ರಾಜ್ಯದ ಕೋರ್ಟಿನಲ್ಲಿ ಜೂರಿಗೆ ಕಾಣದೇ ಇದ್ದದ್ದೆಲ್ಲ ಅಲ್ಲಿ ಹೊರಬಿತ್ತು. ಟ್ರಾವಿಸ್ ಮತ್ತು ಬ್ರಯನ್ ವರ್ಷಗಟ್ಟಲೆ ಕಳಿಸಿದ್ದ ಮೆಸೇಜುಗಳು, ಕಪ್ಪು ಜನರ ಬಗ್ಗೆ ಬಾಯಲ್ಲಿ ಹೇಳಲಾಗದ ಬೈಗುಳ, ಮಗಳು ಕಪ್ಪು ಹುಡುಗನ ಜೊತೆ ಓಡಾಡುತ್ತಾಳೆಂದು ಬ್ರಯನ್ ಕಾರಿದ ವಿಷ. ಫೆಬ್ರವರಿ 22ಕ್ಕೆ ಅಲ್ಲೂ ಮೂವರೂ ಅಪರಾಧಿಗಳಾದರು.

ಅವತ್ತು ಸಂಜೆ ಯಜಮಾನರೇ ಫೋನ್ ಮಾಡಿದರು. “ರೇಸ್ ಇತ್ತು, ಒಪ್ಪಿದೆ. ಆದ್ರೆ ಮೊದಲ ಕೇಸನ್ನ ಅದನ್ನ ಹೆಚ್ಚು ಎತ್ತದೇನೇ ಗೆದ್ರಲ್ಲ?” ಹೌದು, ಡುನಿಕೋಸ್ಕಿ ಕೊನೆಯ ವಾದದಲ್ಲಿ ಒಂದು ಸಲ ಹೇಳಿದ್ದು ಬಿಟ್ಟರೆ ಆ ವಿಷಯವನ್ನು ಮುಟ್ಟಿರಲಿಲ್ಲ. 11 ಬಿಳಿಯರ ಮುಂದೆ ಮುಟ್ಟಿದರೆ ಕೇಸು ಕೆಡಬಹುದು ಅಂತ ಅವರಿಗೆ ಅನ್ನಿಸಿರಬೇಕು. ಹಾಗೆ ಅನ್ನಿಸುವ ಪರಿಸ್ಥಿತಿ ಇದೆಯಲ್ಲ, ನನ್ನ ವಾದ ಅದೇ ಎಂದೆ. ಅವರು ಒಪ್ಪಲಿಲ್ಲ. ಅಂಕಲ್ ಏನಂತಾರೆ ಕೇಳಿ ಎಂದರು.

ಮಾವ ಆಗಲೇ ಹಾಸನಕ್ಕೆ ವಾಪಸಾಗಿದ್ದರು. ಫೋನಲ್ಲಿ ಎಲ್ಲಾ ಕೇಳಿಸಿಕೊಂಡರು. “ನಾನು ಜೂರಿ ಮುಂದೆ ಯಾವತ್ತೂ ನಿಂತಿಲ್ಲ, ಜಡ್ಜ್ ಮುಂದೆ ಮಾತ್ರ. ಆದ್ರೂ ಆಯಮ್ಮನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ. ಅಪೀಲು ಯಾವ ಕೋರ್ಟಿಗೆ ಹೋಗತ್ತೆ, ಅದನ್ನೂ ಯೂಟ್ಯೂಬಲ್ಲಿ ತೋರಿಸ್ತಾರಾ?” ಎಂದು ಕೇಳಿದರು.